ಜವಾನನಾಗಿದ್ದ ವಿಜ್ಞಾನಿ: ಜೇಮ್ಸ್ ಕ್ರಾಲ್

ಭೂಮಿಯ ವಾಯುಗುಣವು ಕಾರಣವಿಲ್ಲದೆ ಬದಲಾಗುವುದಿಲ್ಲ. ಆ ಕಾರಣವನ್ನು ಆಕಾಶದಲ್ಲಿ ಹುಡುಕಿ, ಲೆಕ್ಕ ಹಾಕಿ, ಲೋಕದ ಮುಂದಿಟ್ಟವರಲ್ಲಿ ಒಬ್ಬನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಓದಿದವನಲ್ಲ, ಕಾಲೇಜೊಂದರಲ್ಲಿ ಜವಾನನಾಗಿದ್ದವನು. ಆತನೇ ಸ್ಕಾಟ್‌ಲೆಂಡಿನ ಜೇಮ್ಸ್ ಕ್ರಾಲ್.

ಕ್ರಾಲನು 1821ನೆಯ ಇಸವಿ ಜನವರಿ 2ರಂದು ಪರ್ತ್‌ಷೈರ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದನು. ತಂದೆ ಕಲ್ಲುಕುಟಿಗ. ಆತನು ಕೆಲಸಕ್ಕಾಗಿ ಊರೂರು ಅಲೆಯಬೇಕಾಗಿದ್ದುದರಿಂದ, ಮನೆಯ ಚೂರು ಜಮೀನನ್ನು ನೋಡಿಕೊಳ್ಳಲು ಹುಡುಗನು ಹದಿಮೂರರ ಸುಮಾರಿಗೇ ಶಾಲೆ ಬಿಟ್ಟನು. ಆದರೆ ಅಷ್ಟರೊಳಗೆ ಪೆನ್ನಿ ಮ್ಯಾಗಜೀನ್ ಎಂಬ ಅಗ್ಗದ ಪತ್ರಿಕೆಯಿಂದ ಅವನಿಗೆ ಓದಿನ ರುಚಿ ಹತ್ತಿತ್ತು. ಮುಂದೆ ಗಿರಣಿಯಂತ್ರಗಳ ಕೆಲಸ ಕಲಿತನು, ಮರಗೆಲಸ ಮಾಡಿದನು, ಮೊಣಕೈಯ ಬೇನೆಯಿಂದ ಅದನ್ನೂ ಬಿಡಬೇಕಾಯಿತು. ಚಹಾ ಅಂಗಡಿ ತೆರೆದನು, ಮದ್ಯವಿಲ್ಲದ ಹೋಟೆಲು ನಡೆಸಿದನು, ವಿಮೆಯ ಏಜೆಂಟನಾದನು. ಯಾವುದೂ ಕೈಹಿಡಿಯಲಿಲ್ಲ.

1859ರಲ್ಲಿ ಗ್ಲಾಸ್ಗೋ ನಗರದ ಆಂಡರ್ಸೋನಿಯನ್ ಕಾಲೇಜಿನ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತು. ಸಂಬಳ ಅಲ್ಪ. ಆದರೆ ಅಲ್ಲಿ ಒಳ್ಳೆಯ ಪುಸ್ತಕ ಭಂಡಾರವಿತ್ತು. ತಮ್ಮ ಡೇವಿಡ್ ಕೆಲಸದಲ್ಲಿ ನೆರವಾಗುತ್ತಿದ್ದನು. ಉಳಿದ ಸಮಯವೆಲ್ಲ ಕ್ರಾಲನ ಓದಿಗೆ ಮೀಸಲಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದಲೋ ಏನೋ, ಈ ಭಾಗವನ್ನು ಓದಿದಾಗ ನನ್ನ ಮನಸ್ಸು ಬಹಳ ಹೊತ್ತು ಅಲ್ಲಿಯೇ ನಿಂತಿತು. ಪುಸ್ತಕದ ಬಾಗಿಲು ತೆರೆದಿದ್ದರೆ ಸಾಕು, ಒಳಹೊಕ್ಕವನ ಹುದ್ದೆಯನ್ನು ಪುಸ್ತಕ ಕೇಳುವುದಿಲ್ಲ.

ಒಂದು ದಿನದ ಮಳೆಬಿಸಿಲನ್ನು ಹವೆ ಎನ್ನುತ್ತೇವೆ. ಹಲವು ದಶಕಗಳ ಹವೆಯ ಒಟ್ಟು ಸ್ವರೂಪವೇ ವಾಯುಗುಣ. ಒಂದು ಕಾಲದಲ್ಲಿ ಸ್ಕಾಟ್‌ಲೆಂಡ್ ಹಿಮದಡಿ ಹೂತುಹೋಗಿತ್ತೆಂಬುದಕ್ಕೆ ಅಲ್ಲಿನ ಬಂಡೆಗಳ ಮೇಲಿನ ಗೀರುಗಳು ಸಾಕ್ಷಿಯಾಗಿದ್ದವು. ಹಾಗಾದರೆ ಆ ಹಿಮ ಬಂದುದೇಕೆ, ಹೋದುದೇಕೆ? ಫ್ರಾನ್ಸಿನ ಅಡೆಮಾರನು ಇದಕ್ಕೆ ಭೂಮಿಯ ಚಲನೆಯೇ ಕಾರಣವೆಂದು ಮೊದಲೇ ಊಹಿಸಿದ್ದನು. ಕ್ರಾಲನು ಆ ಊಹೆಯನ್ನು ತಿದ್ದಿ ಬೆಳೆಸಿದನು. ಭೂಮಿಯು ಸೂರ್ಯನನ್ನು ಸುತ್ತುವ ದಾರಿ ಕೆಲವು ಯುಗಗಳಲ್ಲಿ ಹೆಚ್ಚುಕಡಿಮೆ ದುಂಡಗಿರುತ್ತದೆ, ಕೆಲವು ಯುಗಗಳಲ್ಲಿ ಕೊಂಚ ಉದ್ದವಾಗುತ್ತದೆ. ಭೂಮಿಯ ಅಕ್ಷವೋ ಬುಗುರಿಯ ತಲೆಯಂತೆ ನಿಧಾನವಾಗಿ ಸುತ್ತುತ್ತಿರುತ್ತದೆ. ದಾರಿ ಉದ್ದವಾಗಿದ್ದು, ಭೂಮಿ ಸೂರ್ಯನಿಂದ ದೂರವಿರುವಾಗಲೇ ಚಳಿಗಾಲ ಬಂದರೆ, ಆ ಗೋಲಾರ್ಧದಲ್ಲಿ ಹಿಮ ಹೆಚ್ಚುತ್ತದೆಂಬುದು ಆತನ ವಾದ.

ಇಷ್ಟರಿಂದಲೇ ಹಿಮಯುಗ ಬಂದೀತೆ? ಇಲ್ಲ, ಎಂಬುದನ್ನು ಕ್ರಾಲನೇ ಕಂಡನು. ಬಿಳಿಯ ಹಿಮವು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಆದುದರಿಂದ ನೆಲ ಇನ್ನಷ್ಟು ತಣ್ಣಗಾಗುತ್ತದೆ. ಹಿಮ ಇನ್ನಷ್ಟು ಹಬ್ಬುತ್ತದೆ. ಗಾಳಿಯ ಬಲ ಬದಲಾಗಿ, ಶಾಖ ಹೊತ್ತು ತರುವ ಸಾಗರ ಪ್ರವಾಹಗಳು ಬೇರೆ ಕಡೆಗೆ ತಿರುಗುತ್ತವೆ. ಹೀಗೆ ಸಣ್ಣ ಕಾರಣವೊಂದು ತನ್ನ ಪರಿಣಾಮದಿಂದಲೇ ಬಲಗೊಂಡು ದೊಡ್ಡದಾಗುತ್ತದೆ. ಕ್ರಾಲನ ಬುದ್ಧಿಯ ಹಿರಿಮೆ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

1864ರಲ್ಲಿ ಈ ಲೇಖನ ಪ್ರಕಟವಾದಾಗ ವಿದ್ವಾಂಸರು ಬೆರಗಾದರು. ಲೈಯಲ್, ಡಾರ್ವಿನ್ ಮೊದಲಾದವರು ಆತನೊಡನೆ ಪತ್ರವ್ಯವಹಾರ ನಡೆಸಿದರು. ಲೆವೆರ್ಯೇ ಎಂಬ ಖಗೋಳಜ್ಞನ ಸೂತ್ರಗಳನ್ನು ಹಿಡಿದು, ಕಳೆದ 30 ಲಕ್ಷ ವರ್ಷಗಳಲ್ಲಿ ಭೂಮಿಯ ದಾರಿ ಹೇಗೆ ಮಾರ್ಪಟ್ಟಿತೆಂಬುದನ್ನು ಕ್ರಾಲನು ಕೈಯಿಂದಲೇ ಗುಣಿಸಿದನು. 1867ರಲ್ಲಿ ಸ್ಕಾಟ್‌ಲೆಂಡಿನ ಭೂವಿಜ್ಞಾನ ಸಮೀಕ್ಷೆಯ ಕಚೇರಿಗೆ ಅವನನ್ನು ಕರೆದರು. ವಿನೋದವೆಂದರೆ, ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಆತನು ತೇರ್ಗಡೆಯಾಗಲಿಲ್ಲ! ಬಲ್ಲವರು ಅವನ ಪರವಾಗಿ ಮಾತನಾಡಿದುದರಿಂದ ಕೆಲಸ ಉಳಿಯಿತು. 1875ರಲ್ಲಿ ಆತನ ಮುಖ್ಯ ಗ್ರಂಥ ಹೊರಬಂದಿತು. ಮರುವರ್ಷ ರಾಯಲ್ ಸೊಸೈಟಿಯ ಸದಸ್ಯತ್ವವೂ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ಗೌರವ ಪದವಿಯೂ ಲಭಿಸಿದವು. ಅನಾರೋಗ್ಯದಿಂದ 1880ರಲ್ಲಿ ನಿವೃತ್ತನಾದ ಕ್ರಾಲನು 1890ರ ಡಿಸೆಂಬರ್ 15ರಂದು ತೀರಿಕೊಂಡನು.

ಆತನ ಸಿದ್ಧಾಂತದಲ್ಲಿ ದೋಷಗಳಿರಲಿಲ್ಲವೆಂದಲ್ಲ. ಹಿಮಯುಗವು 80,000 ವರ್ಷಗಳ ಹಿಂದೆಯೇ ಮುಗಿಯಿತೆಂದು ಅವನ ಲೆಕ್ಕ ಹೇಳಿತು. ನೆಲದ ಸಾಕ್ಷ್ಯವು ಅದಕ್ಕಿಂತ ಬಹಳ ಈಚಿನ ಕಾಲವನ್ನು ತೋರಿಸಿತು. ಜನರು ಅವನನ್ನು ಮರೆತರು. ಇಪ್ಪತ್ತನೆಯ ಶತಮಾನದಲ್ಲಿ ಸೆರ್ಬಿಯಾದ ಮಿಲಾಂಕೋವಿಚನು ಅದೇ ದಾರಿ ಹಿಡಿದು, ಮುಖ್ಯವಾದುದು ಚಳಿಗಾಲವಲ್ಲ, ಹಿಮವನ್ನು ಕರಗಿಸಲಾರದ ತಂಪು ಬೇಸಗೆ ಎಂದು ತಿದ್ದಿದನು. 1976ರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ತಳದ ಕೆಸರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅದರಲ್ಲಿ ಸುಮಾರು 1,00,000, 41,000 ಮತ್ತು 23,000 ವರ್ಷಗಳ ಆವರ್ತಗಳು ಕಂಡುಬಂದವು. ಭೂಮಿಯ ಚಲನೆಯೇ ಹಿಮಯುಗಗಳ ತಾಳ ಹಾಕುತ್ತದೆಂಬುದು ಹೀಗೆ ಸ್ಥಿರಪಟ್ಟಿತು.

ವಾಯುಗುಣ ಎಂದಿಗೂ ಬದಲಾಗುತ್ತಲೇ ಬಂದಿದೆ, ಈಗಿನ ತಾಪಕ್ಕೆ ಚಿಂತೆ ಏಕೆ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಕ್ರಾಲನ ಜೀವಿತವೇ ಉತ್ತರ. ಬದಲಾಯಿತೆಂದು ಹೇಳಿ ಸುಮ್ಮನಾಗದೆ ಕಾರಣವೇನೆಂದು ಕೇಳಿದವನು ಅವನು. ಆತನು ಕಂಡ ಕಾರಣ ಸಾವಿರಾರು ವರ್ಷಗಳಲ್ಲಿ ಕೆಲಸ ಮಾಡುವಂಥದು. ಈಗಿನ ತಾಪವಾದರೋ ನೂರೈವತ್ತು ವರ್ಷಗಳೊಳಗಿನದು. ಅದಕ್ಕೆ ಕಾರಣ ಆಕಾಶದಲ್ಲಿಲ್ಲ, ನಾವು ಸುಡುವ ಕಲ್ಲಿದ್ದಲು ಮತ್ತು ಎಣ್ಣೆಯಲ್ಲಿದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಇದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಹಿಮ ಕರಗಿದಷ್ಟೂ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳುಪು ಕಡಿಮೆಯಾಗಿ ತಾಪ ಮತ್ತಷ್ಟು ಏರುತ್ತದೆ. ಕ್ರಾಲನು ಹೇಳಿದ ಸರಪಳಿಯೇ ಈಗ ತಿರುಗುಮುರುಗಾಗಿ ಓಡುತ್ತಿದೆ.

ಭೂಮಿಯ ದಾರಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಈ ಎರಡನೆಯ ಕಾರಣ ಮಾತ್ರ ನಮ್ಮ ಕೈಯಲ್ಲಿಯೇ ಇದೆ.