‘ಕ್ಲಾಸ್’ ಕೊಟ್ಟ ಕ್ರಿಸ್ಟನ್ ನೈಗಾರ್ಡ್

ಸಿ ಪ್ಲಸ್ ಪ್ಲಸ್‌ನಲ್ಲಿ ಕ್ಲಾಸ್ ಬರೆಯುವಾಗ ಪ್ರೈವೇಟ್, ಪಬ್ಲಿಕ್, ಪ್ರೊಟೆಕ್ಟೆಡ್ ಎಂಬ ಮೂರು ಪದಗಳು ಬರುತ್ತವೆ. ಪರೀಕ್ಷೆಯಲ್ಲಿ ಕೇಳಬಹುದೆಂದು ನಾನು ಅವುಗಳ ವ್ಯತ್ಯಾಸವನ್ನು ಬಾಯಿಪಾಠ ಮಾಡಿದ್ದೆ, ಅಷ್ಟೇ. ಈ ‘ಕ್ಲಾಸ್’ ಎಂಬುದನ್ನು ಮೊದಲು ಮಾಡಿದವರು ಯಾರು ಎಂದು ಒಮ್ಮೆ ಹುಡುಕಿದೆ. ನಾರ್ವೆ ದೇಶದ ಕ್ರಿಸ್ಟನ್ ನೈಗಾರ್ಡ್ ಮತ್ತು ಓಲೆ-ಯೊಹಾನ್ ಡಾಲ್ ಎಂಬ ಇಬ್ಬರ ಹೆಸರು ಸಿಕ್ಕಿತು. ಆಶ್ಚರ್ಯದ ಸಂಗತಿ ಎಂದರೆ, ಅವರು ಮಾಡಿದ ಮೊದಲ ಕ್ಲಾಸಿನಲ್ಲಿ ಈ ಮೂರು ಪದಗಳು ಇರಲೇ ಇಲ್ಲ. ಒಳಗಿನದೆಲ್ಲ ಹೊರಗಿನವರಿಗೆ ತೆರೆದೇ ಇತ್ತು. ಅದಕ್ಕೇ ನೈಗಾರ್ಡ್ ಅವರ ಜೀವನವನ್ನು ಓದಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನೈಗಾರ್ಡ್ ಹುಟ್ಟಿದ್ದು 1926ರ ಆಗಸ್ಟ್ 27ರಂದು, ಓಸ್ಲೋ ನಗರದಲ್ಲಿ. 1948ರಲ್ಲಿ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದರು. ಅಲ್ಲಿ ಲೆಕ್ಕ ಮಾಡುವುದು, ದೊಡ್ಡ ಕೆಲಸಗಳನ್ನು ಹೇಗೆ ಯೋಜಿಸಬೇಕೆಂದು ಗಣಿತದಿಂದ ಕಂಡುಹಿಡಿಯುವುದು ಅವರ ಕೆಲಸ. ಕೆಲಸ ಮಾಡುತ್ತಲೇ ಓದಿ, 1956ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1960ರಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ಗೆ ಬಂದರು.

ಅವರ ಮುಂದಿದ್ದ ಸಮಸ್ಯೆ ನಮಗೂ ಗೊತ್ತಿರುವಂಥದ್ದೇ. ಒಂದು ಕೌಂಟರಿನ ಮುಂದೆ ಸರತಿ ಇದೆ. ಜನ ಬರುತ್ತಾರೆ, ಕಾಯುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಇನ್ನೊಂದು ಕೌಂಟರ್ ತೆರೆದರೆ ಎಷ್ಟು ಸಮಯ ಉಳಿಯುತ್ತದೆ? ಇದನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಲು ಅವರಿಗೆ ಒಂದು ಭಾಷೆ ಬೇಕಾಗಿತ್ತು. ನೈಗಾರ್ಡ್ ಬಳಿ ವಿಚಾರವಿತ್ತು, ಡಾಲ್ ಬಳಿ ಪ್ರೋಗ್ರಾಮಿಂಗ್ ಕೌಶಲವಿತ್ತು. ಇಬ್ಬರೂ ಸೇರಿ ಸಿಮುಲಾ ಎಂಬ ಭಾಷೆ ಕಟ್ಟಿದರು. 1965ರ ಹೊತ್ತಿಗೆ ಅದು ಯೂನಿವ್ಯಾಕ್ 1107 ಯಂತ್ರದ ಮೇಲೆ ಓಡುತ್ತಿತ್ತು. 1967ರಲ್ಲಿ ಸಿಮುಲಾ 67 ಬಂತು. ಕ್ಲಾಸ್, ಆಬ್ಜೆಕ್ಟ್, ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸ್ ಪಡೆಯುವ ಇನ್‌ಹೆರಿಟೆನ್ಸ್, ಎಲ್ಲವೂ ಅದರಲ್ಲಿದ್ದವು. ನಾವು ಇಂದು ಓದುವ ಪಾಠದ ಬೇರು ಅಲ್ಲಿದೆ.

ಆದರೆ ಸಿಮುಲಾ 67ರ ಆಬ್ಜೆಕ್ಟಿನ ಒಳಗಿನ ಬೆಲೆಯನ್ನು ಪ್ರೋಗ್ರಾಮಿನ ಬೇರೆ ಭಾಗ ಒಂದು ಚುಕ್ಕಿ ಇಟ್ಟು ಬದಲಾಯಿಸಬಹುದಿತ್ತು. ಇದರಲ್ಲಿ ತೊಂದರೆ ಏನು? ಕಾಮರ್ಸ್ ಓದುವವರಿಗೆ ಇದು ಬೇಗ ತಿಳಿಯುತ್ತದೆ. ಗಂಗಾವತಿಯ ದಲ್ಲಾಳಿ ಅಂಗಡಿಗೆ ಭತ್ತ ತಂದ ರೈತ ತನ್ನ ಹಣ ಕೇಳಬಹುದು. ಆದರೆ ಅವನೇ ಗಲ್ಲಾಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಗುಮಾಸ್ತರು ಖಾತೆ ನೋಡಿ, ಸಹಿ ಹಾಕಿಸಿಕೊಂಡು, ಎಣಿಸಿ ಕೊಡುತ್ತಾರೆ. ಎಲ್ಲರೂ ಕೈ ಹಾಕುವಂತಿದ್ದರೆ ಸಂಜೆ ಲೆಕ್ಕ ತಾಳೆಯಾಗದಿದ್ದಾಗ ತಪ್ಪು ಯಾರದೆಂದು ಹುಡುಕುವುದು ಹೇಗೆ?

ಬ್ಯಾಂಕ್ ಖಾತೆಯ ಕ್ಲಾಸ್ ಬರೆದಾಗ ಬ್ಯಾಲೆನ್ಸ್ ಎಂಬುದು ಗಲ್ಲಾಪೆಟ್ಟಿಗೆ. ಅದನ್ನು ಪ್ರೈವೇಟ್ ಮಾಡಬೇಕು. ಡಿಪಾಸಿಟ್, ವಿತ್‌ಡ್ರಾ ಎಂಬ ಫಂಕ್ಷನ್‌ಗಳು ಗುಮಾಸ್ತರಿದ್ದ ಹಾಗೆ. ಅವನ್ನು ಪಬ್ಲಿಕ್ ಮಾಡಬೇಕು. ಇರುವುದಕ್ಕಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಎಂಬ ನಿಯಮವನ್ನು ವಿತ್‌ಡ್ರಾ ಒಳಗೆ ಒಂದೇ ಕಡೆ ಬರೆದರೆ ಸಾಕು. ಪ್ರೊಟೆಕ್ಟೆಡ್ ಎಂದರೆ ಈ ಕ್ಲಾಸಿನಿಂದ ಹುಟ್ಟಿದ ಕ್ಲಾಸುಗಳಿಗೂ ಒಳಗೆ ಬರಲು ಅನುಮತಿ ಇದೆ ಎಂದರ್ಥ. ಒಂದು ಮಾತು ನೆನಪಿರಲಿ: ಇದು ಕಳ್ಳರನ್ನು ತಡೆಯುವ ಬೀಗವಲ್ಲ, ಪ್ರೋಗ್ರಾಮ್ ಬರೆಯುವ ನಮ್ಮದೇ ತಪ್ಪುಗಳನ್ನು ತಡೆಯುವ ಬೇಲಿ.

ಈ ಅಗತ್ಯ ಸಿಮುಲಾ ಬಳಸಿದವರಿಗೂ ಗೊತ್ತಾಯಿತು. 1970ರ ದಶಕದಲ್ಲಿ ಹಿಡನ್, ಪ್ರೊಟೆಕ್ಟೆಡ್ ಎಂಬ ಪದಗಳನ್ನು ಆ ಭಾಷೆಗೆ ಸೇರಿಸಿದರು. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಸಿಮುಲಾ ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಸಿ ಭಾಷೆಗೆ ಕ್ಲಾಸ್ ಸೇರಿಸುವ ಕೆಲಸ ಆರಂಭಿಸಿದರು. ಅದೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಇದರಲ್ಲಿ ಕ್ರಮವೇ ತಿರುವುಮುರುವು: ಕ್ಲಾಸಿನಲ್ಲಿ ನಾವು ಏನೂ ಹೇಳದಿದ್ದರೆ ಎಲ್ಲವೂ ಪ್ರೈವೇಟ್. ತೆರೆಯಬೇಕಾದರೆ ಪಬ್ಲಿಕ್ ಎಂದು ನಾವೇ ಬರೆಯಬೇಕು.

ನೈಗಾರ್ಡ್ ಅವರ ಜೀವನದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದರ ನಂತರದ ಭಾಗ. ಕಾರ್ಖಾನೆಗಳ ಕೆಲಸವನ್ನು ಕಂಪ್ಯೂಟರಿನಲ್ಲಿ ಯೋಜಿಸುವ ಉಪಕರಣವನ್ನು ಅವರೇ ಕೊಟ್ಟಿದ್ದರು. ಅದರಿಂದ ಆಡಳಿತ ಮಂಡಳಿಗೆ ಎಲ್ಲವೂ ತಿಳಿಯುತ್ತಿತ್ತು. ಆದರೆ ಯಂತ್ರದ ಮುಂದೆ ನಿಂತ ಕಾರ್ಮಿಕನಿಗೆ? ಈ ಪ್ರಶ್ನೆ ಹಿಡಿದು 1970ರ ದಶಕದ ಆರಂಭದಲ್ಲಿ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೆಲಸಕ್ಕೆ ಕುಳಿತರು. ಕಾರ್ಮಿಕರು ಕಂಪ್ಯೂಟರ್ ವ್ಯವಸ್ಥೆಯನ್ನು ತಾವೇ ಕಲಿತು, ತಮ್ಮ ಕಾರ್ಖಾನೆಯಲ್ಲಿ ಅದು ಏನು ಮಾಡುತ್ತಿದೆ ಎಂದು ತಾವೇ ಪರೀಕ್ಷಿಸಬೇಕು ಎಂಬುದು ಅವರ ದಾರಿ. 1975ರಲ್ಲಿ ಅಲ್ಲಿನ ಕಾರ್ಮಿಕ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ಇಡೀ ದೇಶಕ್ಕೆ ಅನ್ವಯವಾಗುವ ಒಪ್ಪಂದವಾಯಿತು. ಹೊಸ ಕಂಪ್ಯೂಟರ್ ವ್ಯವಸ್ಥೆ ತರುವ ಮುನ್ನ ಕಾರ್ಮಿಕರ ಪ್ರತಿನಿಧಿಗಳಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು ಅದರಲ್ಲಿತ್ತು. ಏನನ್ನು ಮುಚ್ಚಿಡಬೇಕು ಎಂಬಷ್ಟೇ ಮುಖ್ಯ, ಯಾರಿಗೆ ತೆರೆಯಬೇಕು ಎಂಬುದು.

ಇದನ್ನು ಓದಿದಾಗ ನನಗೆ ಒಂದು ನೋಟ್‌ಬುಕ್ ನೆನಪಾಯಿತು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ನಾನು ಒಂದು ಅಂಗಡಿಗೆ ಹೋಗಿದ್ದೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದವರೂ ಸಾಲಿನಲ್ಲಿದ್ದರು. ಎಲ್ಲರ ಹೆಸರು, ಖಾತೆ ಸಂಖ್ಯೆ, ಪಾಸ್‌ವರ್ಡ್ ಒಂದೇ ನೋಟ್‌ಬುಕ್ಕಿನಲ್ಲಿ, ಅದೂ ಮೇಜಿನ ಮೇಲೆ ತೆರೆದೇ ಇತ್ತು. ಯಾರೋ ನನ್ನ ಖಾತೆ ಸಂಖ್ಯೆಯ ಒಂದು ಅಂಕಿಯನ್ನು ತಿದ್ದಿಬಿಟ್ಟಿದ್ದರು. ಆ ವರ್ಷದ ಹಣಕ್ಕಾಗಿ ಅಬ್ಬಾ ಕೂಲಿ ಬಿಟ್ಟು ಮೂರು ಸಲ ಅಲೆದರು. ತಿದ್ದಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ನಮ್ಮ ಅರ್ಜಿ ಎಲ್ಲಿಗೆ ಬಂದಿದೆ ಎಂದು ಕೇಳಿದರೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಮುಚ್ಚಬೇಕಾದದ್ದು ತೆರೆದಿತ್ತು, ತೆರೆಯಬೇಕಾದದ್ದು ಮುಚ್ಚಿತ್ತು.

ನೈಗಾರ್ಡ್ ಮುಂದೆ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನಾರ್ವೆ ಯುರೋಪಿಯನ್ ಒಕ್ಕೂಟಕ್ಕೆ ಸೇರಬಾರದೆಂಬ ಚಳವಳಿಯ ನಾಯಕರೂ ಆಗಿದ್ದರು. 1994ರ ಜನಮತಗಣನೆಯಲ್ಲಿ ಆ ಪಕ್ಷವೇ ಗೆದ್ದಿತು. ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ನೇ ಸಾಲಿಗೆ ಇಬ್ಬರು ಗೆಳೆಯರಿಗೂ ಒಟ್ಟಿಗೆ ಸಿಕ್ಕಿತು. 2002ರ ಜೂನ್ 29ರಂದು ಡಾಲ್ ತೀರಿಕೊಂಡರು. ಆರು ವಾರ ಕಳೆದು ಆಗಸ್ಟ್ 10ರಂದು ನೈಗಾರ್ಡ್ ಕೂಡ ಹೃದಯಾಘಾತದಿಂದ ತೀರಿಕೊಂಡರು. ಆಗ ನಾನು ಹುಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಅಮಾನತ್ ಎನ್ನುತ್ತಾರೆ. ನಂಬಿ ಒಪ್ಪಿಸಿದ ವಸ್ತು ಎಂದರ್ಥ. ಅದನ್ನು ಕಂಡವರ ಕೈಗೆ ಕೊಡಬಾರದು, ಕೊಟ್ಟವರು ಬಂದು ಕೇಳಿದರೆ ಲೆಕ್ಕ ಒಪ್ಪಿಸಬೇಕು. ನಮ್ಮಲ್ಲಿ ಹಲವರು ನಾಳೆ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕಂಪ್ಯೂಟರ್ ಮುಂದೆ ಕೂರುತ್ತೇವೆ. ಪ್ರೈವೇಟ್ ಎಂದು ಬರೆಯುವಾಗ ಈಗ ನನಗೆ ಅಂಕಗಳ ಬದಲು ಆ ನೋಟ್‌ಬುಕ್ ಕಣ್ಣಿಗೆ ಬರುತ್ತದೆ.