ಬಣ್ಣದ ಕೆಲಸದವರ ಮಗ ಜಾರ್ಜ್ ಬ್ರಾಕ್

ಪಿಕಾಸೊ ಎಂಬ ಚಿತ್ರಕಾರರ ಹೆಸರು ನಮಗೆಲ್ಲ ಗೊತ್ತುಂಟು. ಅವರ ಜೊತೆ ಸೇರಿ ಹೊಸ ರೀತಿಯ ಚಿತ್ರಕಲೆ ಶುರು ಮಾಡಿದ ಜಾರ್ಜ್ ಬ್ರಾಕ್ ಎಂಬವರ ಬಗ್ಗೆ ನಾನು ಈ ಸಲ ಬರೆಯುತ್ತೇನೆ.

ಬ್ರಾಕ್ ಅವರು 1882ರ ಮೇ 13ರಂದು ಫ್ರಾನ್ಸ್ ದೇಶದ ಅರ್ಜಾಂತೈ ಎಂಬಲ್ಲಿ ಹುಟ್ಟಿದರು. ಬೆಳೆದದ್ದು ಲ ಹಾವ್ರ್ ಎಂಬ ಬಂದರು ಪೇಟೆಯಲ್ಲಿ. ಅವರ ಅಜ್ಜ, ಅಪ್ಪ ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸದವರು. ಬ್ರಾಕ್ ಕೂಡ ಅದನ್ನೇ ಕಲಿತರು. ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಮರದ ಗೆರೆ ಮೂಡಿಸುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ನಮ್ಮ ಪಂಜದಲ್ಲಿಯೂ ಬಾಗಿಲಿಗೆ ಹೀಗೆ ಗೆರೆ ಎಳೆಯುವುದನ್ನು ನಾನು ನೋಡಿದ್ದೇನೆ. ಆದರೆ ಅವರನ್ನು ಚಿತ್ರಕಾರ ಅಂತ ಯಾರೂ ಕರೆಯುವುದಿಲ್ಲ.

1907ರಲ್ಲಿ ಪ್ಯಾರಿಸಿನಲ್ಲಿ ಬ್ರಾಕ್‌ಗೆ ಪಿಕಾಸೊ ಪರಿಚಯವಾಯಿತು. ಇಬ್ಬರೂ ಸೇರಿ ಕ್ಯೂಬಿಸಂ ಬೆಳೆಸಿದರು. ಎಂತ ಹೇಳಿದ್ರೆ, ಒಂದು ತಂಬಿಗೆಯ ಬಾಯಿ ಮೇಲಿನಿಂದ ಕಂಡ ಹಾಗೆ, ಹೊಟ್ಟೆ ಬದಿಯಿಂದ ಕಂಡ ಹಾಗೆ, ಎರಡನ್ನೂ ಒಂದೇ ಚಿತ್ರದಲ್ಲಿ ತರುವುದು. ಆ ಬಾಚಣಿಗೆಯ ಕೆಲಸವನ್ನು ಪಿಕಾಸೊ ಕಲಿತದ್ದು ಬ್ರಾಕ್ ಅವರಿಂದ. 1912ರಲ್ಲಿ ಬ್ರಾಕ್ ಮರದ ಗೆರೆ ಅಚ್ಚಾದ ಗೋಡೆ ಕಾಗದವನ್ನು ಕತ್ತರಿಸಿ ಚಿತ್ರಕ್ಕೆ ಅಂಟಿಸಿದರು. ಬಣ್ಣಕ್ಕೆ ಮರಳು ಸಹ ಬೆರೆಸಿದರು.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಬ್ರಾಕ್ ಸೈನ್ಯಕ್ಕೆ ಹೋಗಬೇಕಾಯಿತು. 1915ರ ಮೇ 11ರಂದು ಕರಾಂಸಿ ಎಂಬಲ್ಲಿ ಅವರ ತಲೆಗೆ ಭಾರೀ ಪೆಟ್ಟಾಯಿತು. ಅದೇ ವರ್ಷ ಅದೇ ಸೀಮೆಯ ನವ್ ಶಾಪೆಲ್‌ನಲ್ಲಿ ನಮ್ಮ ಭಾರತದ ಸಿಪಾಯಿಗಳೂ ಹೋರಾಡಿದ್ದರು. ಬ್ರಾಕ್‌ಗೆ ಸ್ವಲ್ಪ ಕಾಲ ಕಣ್ಣು ಕಾಣಿಸಲಿಲ್ಲ. ವೈದ್ಯರು ತಲೆಬುರುಡೆ ಕೊರೆದು ಆಪರೇಶನ್ ಮಾಡಿದರು. ಚಿತ್ರಕಾರನಿಗೆ ಕಣ್ಣು ಹೋದರೆ ಮತ್ತೆ ಏನುಂಟು?

ದೃಷ್ಟಿ ಮರಳಿತು. ಆದರೆ ಸುಧಾರಿಸಲು ತುಂಬಾ ಸಮಯ ಹಿಡಿಯಿತು. ಅವರು ಪುನಃ ಸರಿಯಾಗಿ ಚಿತ್ರ ಬಿಡಿಸತೊಡಗಿದ್ದು 1917ರಲ್ಲಿ. ಪಿಕಾಸೊ ಜೊತೆಗಿನ ಮೊದಲಿನ ಒಡನಾಟ ಮತ್ತೆ ಬರಲಿಲ್ಲ. ಒಬ್ಬರೇ ಕೆಲಸ ಮಾಡಬೇಕಾಯಿತು. 1917-18ರಲ್ಲಿ ಸಂಗೀತಗಾರ್ತಿಯೊಬ್ಬಳ ಚಿತ್ರ ಬರೆದರು. ಅದು ಎರಡು ಮೀಟರಿಗಿಂತ ಎತ್ತರ! ಆಮೇಲೆ ಗಿಟಾರು, ಹೂಜಿ, ಹಣ್ಣು, ಮೇಜು ಹೀಗೆ ಮನೆಯೊಳಗಿನ ವಸ್ತುಗಳನ್ನೇ ವರ್ಷಗಟ್ಟಲೆ ನಿಧಾನವಾಗಿ ಚಿತ್ರಿಸಿದರು. ಆಗಲೂ ಮರಳು ಬೆರೆಸಿದ ಬಣ್ಣ, ಮರದ ಗೆರೆ ಬಿಡಲಿಲ್ಲ. ಪೆಟ್ಟು ತಿಂದವರನ್ನು ಪುನಃ ನಿಲ್ಲಿಸಿದ್ದು ಅಪ್ಪನಿಂದ ಕಲಿತ ಆ ಕೈಕೆಲಸವೇ ಅಂತ ನನಗೆ ಕಾಣುತ್ತದೆ.

1953ರಲ್ಲಿ ಪ್ಯಾರಿಸಿನ ಲೂವ್ರ್ ಮ್ಯೂಸಿಯಂನ ಒಂದು ಕೋಣೆಯ ಮಾಡಿಗೆ ದೊಡ್ಡ ಹಕ್ಕಿಗಳ ಚಿತ್ರ ಮಾಡಿಕೊಟ್ಟರು. ಮನೆಗೆ ಬಣ್ಣ ಹೊಡೆಯುವವರ ಮಗ ರಾಜರ ಅರಮನೆಯಾಗಿದ್ದ ಕಟ್ಟಡದ ಮಾಡಿಗೆ ಬಣ್ಣ ಕೊಟ್ಟ ಹಾಗಾಯಿತು! 1961ರಲ್ಲಿ ಅದೇ ಲೂವ್ರ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ಆಯಿತು. ಬದುಕಿರುವ ಚಿತ್ರಕಾರರಿಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು. 1963ರ ಆಗಸ್ಟ್ 31ರಂದು ತೀರಿಕೊಂಡರು.

ಮಿತ್ರರೇ, ಇನ್ನು ನಿಮ್ಮ ಮನೆಗೆ ಬಣ್ಣ ಹೊಡೆಯುವವರು ಬಂದರೆ ಸ್ವಲ್ಪ ಹೊತ್ತು ಹತ್ತಿರ ನಿಂತು ಅವರ ಕೈಯನ್ನು ನೋಡಿ.

– 9ನೇ ತರಗತಿಯ ವಿದ್ಯಾರ್ಥಿನಿ, ಪಂಜ