ನೆರಳಿನಿಂದ ಭೂಮಿಯನ್ನಳೆದ ಎರಟೋಸ್ಥೆನೀಸ್

ಕ್ರಿ.ಪೂ. ೩೨೩ರಲ್ಲಿ ಅಲೆಕ್ಸಾಂಡರನು ಬ್ಯಾಬಿಲೋನ್ ನಗರದಲ್ಲಿ ತೀರಿಕೊಂಡಾಗ ಅವನು ಗೆದ್ದ ವಿಶಾಲ ಸಾಮ್ರಾಜ್ಯವನ್ನು ಹಿಡಿದು ನಿಲ್ಲಿಸಬಲ್ಲ ವಾರಸುದಾರನಿರಲಿಲ್ಲ. ಅವನ ದಂಡನಾಯಕರು ತಮ್ಮತಮ್ಮಲ್ಲೇ ಕಾದಾಡಿ ರಾಜ್ಯವನ್ನು ಹಂಚಿಕೊಂಡರು. ಈಜಿಪ್ಟ್ ದೇಶವು ಟಾಲೆಮಿಯ ಪಾಲಿಗೆ ಬಂದಿತು. ಖಡ್ಗದಿಂದ ಭೂಮಿಯನ್ನು ಗೆಲ್ಲಲು ಹೊರಟ ಅರಸರ ಆ ಯುಗದಲ್ಲಿಯೇ, ಯಾವ ಸೈನ್ಯದ ನೆರವೂ ಇಲ್ಲದೆ, ಒಂದು ಕಡ್ಡಿಯ ನೆರಳನ್ನು ನೋಡಿ ಇಡೀ ಭೂಮಂಡಲವನ್ನೇ ಅಳೆದ ವಿದ್ವಾಂಸನೊಬ್ಬನಿದ್ದನು. ಅವನೇ ಎರಟೋಸ್ಥೆನೀಸ್.

ಎರಟೋಸ್ಥೆನೀಸನು ಕ್ರಿ.ಪೂ. ೨೭೬ರ ಸುಮಾರಿಗೆ ಆಫ್ರಿಕದ ಉತ್ತರಭಾಗದಲ್ಲಿದ್ದ ಸಿರೀನ್ ಎಂಬ ಗ್ರೀಕ್ ನಗರದಲ್ಲಿ ಜನಿಸಿದನು. ಆ ನಗರದ ಅವಶೇಷಗಳು ಇಂದಿನ ಲಿಬಿಯಾ ದೇಶದಲ್ಲಿವೆ. ಅವನ ಬಾಲ್ಯದಲ್ಲಿ ಸಿರೀನನ್ನು ಆಳುತ್ತಿದ್ದವನು ಮಗಸ್ ಎಂಬ ಅರಸು. ಅಶೋಕ ಚಕ್ರವರ್ತಿಯು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಹೆಸರಿಸಿರುವ ಐವರು ಯವನ ರಾಜರಲ್ಲಿ ಈ ಮಗಸನೂ ಒಬ್ಬನು. ಭರತಖಂಡದಲ್ಲಿ ಅಶೋಕನು ಧರ್ಮವನ್ನು ಬಂಡೆಗಳ ಮೇಲೆ ಬರೆಯಿಸುತ್ತಿದ್ದ ಕಾಲವೂ ಎರಟೋಸ್ಥೆನೀಸನ ಯೌವನದ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿದೆ.

ವಿದ್ಯಾಭ್ಯಾಸಕ್ಕಾಗಿ ಅವನು ಅಥೆನ್ಸಿಗೆ ಹೋದನು. ಅಲ್ಲಿ ಪರಸ್ಪರ ವಾದಿಸುತ್ತಿದ್ದ ತತ್ತ್ವಶಾಸ್ತ್ರದ ಹಲವು ಪಂಥಗಳಿದ್ದವು. ಎರಟೋಸ್ಥೆನೀಸನು ಯಾವುದೊಂದಕ್ಕೂ ಅಂಟಿಕೊಳ್ಳದೆ ಎಲ್ಲರ ಬಳಿಯೂ ಕುಳಿತು ಕಲಿತನು. ಕಾವ್ಯ, ಗಣಿತ, ಖಗೋಳ, ತತ್ತ್ವಶಾಸ್ತ್ರಗಳೆಲ್ಲವೂ ಅವನನ್ನು ಸಮನಾಗಿ ಆಕರ್ಷಿಸಿದವು.

ಕ್ರಿ.ಪೂ. ೨೪೫ರ ಸುಮಾರಿಗೆ ಈಜಿಪ್ಟಿನ ಅರಸನಾದ ಮೂರನೆಯ ಟಾಲೆಮಿಯು ಅವನನ್ನು ತನ್ನ ರಾಜಧಾನಿಯಾದ ಅಲೆಕ್ಸಾಂಡ್ರಿಯಕ್ಕೆ ಕರೆಯಿಸಿಕೊಂಡನು. ರಾಜಕುಮಾರನಿಗೆ ಪಾಠ ಹೇಳುವ ಹೊಣೆಯೊಂದಿಗೆ ಅಲ್ಲಿಯ ಮಹಾಗ್ರಂಥಾಲಯದ ಅಧ್ಯಕ್ಷತೆಯೂ ಅವನಿಗೆ ದೊರೆಯಿತು. ಪಪೈರಸ್ ಎಂಬ ಜೊಂಡಿನಿಂದ ತಯಾರಿಸಿದ ಹಾಳೆಗಳ ಸುರುಳಿಗಳೇ ಅಂದಿನ ಗ್ರಂಥಗಳು. ರೇವಿಗೆ ಬಂದ ಹಡಗುಗಳಲ್ಲಿ ದೊರೆತ ಗ್ರಂಥಗಳನ್ನೆಲ್ಲ ತೆಗೆದುಕೊಂಡು, ಪ್ರತಿ ಮಾಡಿಸಿ, ಮೂಲವನ್ನು ಗ್ರಂಥಾಲಯದಲ್ಲಿಟ್ಟುಕೊಂಡು ಪ್ರತಿಯನ್ನು ಮಾತ್ರ ಒಡೆಯರಿಗೆ ಹಿಂದಿರುಗಿಸುತ್ತಿದ್ದರೆಂದು ಗೇಲನ್ ಎಂಬ ವೈದ್ಯನು ಮುಂದೆ ಬರೆದಿದ್ದಾನೆ. ಅಂತಹ ಜ್ಞಾನಭಂಡಾರದ ನಡುವೆ ಎರಟೋಸ್ಥೆನೀಸನು ತನ್ನ ಉಳಿದ ಆಯುಷ್ಯವನ್ನು ಕಳೆದನು.

ಅವನ ಆಸಕ್ತಿಗೆ ಎಲ್ಲೆಯೇ ಇರಲಿಲ್ಲ. ಅವನು ಕವಿತೆಗಳನ್ನು ರಚಿಸಿದನು. ಟ್ರಾಯ್ ಯುದ್ಧದಿಂದ ಅಲೆಕ್ಸಾಂಡರನ ಮರಣದವರೆಗಿನ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದನು. ಸಂಖ್ಯೆಗಳನ್ನು ಸಾಲಾಗಿ ಬರೆದು, ಎರಡು, ಮೂರು, ಐದು ಎಂಬಂತೆ ಒಂದೊಂದರ ಅಪವರ್ತ್ಯಗಳನ್ನೂ ಹೊಡೆದುಹಾಕುತ್ತ ಹೋದರೆ ಅವಿಭಾಜ್ಯ ಸಂಖ್ಯೆಗಳಷ್ಟೇ ಉಳಿಯುತ್ತವೆ. ಈ ವಿಧಾನವು ಇಂದಿಗೂ ಎರಟೋಸ್ಥೆನೀಸನ ಜರಡಿ ಎಂದೇ ಪ್ರಸಿದ್ಧವಾಗಿದೆ. ಮಹಾಗಣಿತಜ್ಞನಾದ ಆರ್ಕಿಮಿಡೀಸನು ತನ್ನ ಅಮೂಲ್ಯ ಕೃತಿಯೊಂದನ್ನು ಸಿರಾಕ್ಯೂಸಿನಿಂದ ಇವನಿಗೇ ಬರೆದು ಕಳುಹಿಸಿದನೆಂದರೆ ಇವನ ಪಾಂಡಿತ್ಯದ ಬಗೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ಅವನನ್ನು ಹಾಸ್ಯಮಾಡುವವರಿದ್ದರು. ಅವರು ಅವನಿಗೆ ಬೀಟಾ ಎಂಬ ಅಡ್ಡಹೆಸರನ್ನಿಟ್ಟರು. ಅದು ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ. ಎಲ್ಲ ಶಾಸ್ತ್ರಗಳಲ್ಲಿಯೂ ಕೈಯಾಡಿಸುವ ಇವನು ಯಾವುದರಲ್ಲಿಯೂ ಮೊದಲಿಗನಲ್ಲ, ಎಲ್ಲದರಲ್ಲಿಯೂ ಎರಡನೆಯವನೇ ಎಂಬುದು ಅವರ ವ್ಯಂಗ್ಯ. ಈ ವ್ಯಂಗ್ಯಕ್ಕೆ ತಕ್ಕ ಉತ್ತರವೆಂಬಂತಿದೆ ಅವನ ಭೂಮಾಪನ.

ಭೂಮಿಯು ಗೋಳಾಕಾರವಾಗಿದೆಯೆಂಬುದು ಆ ವೇಳೆಗೆ ಗ್ರೀಕ್ ವಿದ್ವಾಂಸರಿಗೆ ತಿಳಿದಿತ್ತು. ಆದರೆ ಆ ಗೋಳ ಎಷ್ಟು ದೊಡ್ಡದು? ಈಜಿಪ್ಟಿನ ದಕ್ಷಿಣದಲ್ಲಿ, ಇಂದು ಆಸ್ವಾನ್ ಎನಿಸಿಕೊಂಡಿರುವ ಸೈಯೀನ್ ಎಂಬ ಊರಿತ್ತು. ವರ್ಷದ ಅತಿ ದೀರ್ಘವಾದ ಹಗಲಿನಂದು, ಎಂದರೆ ಈಗಿನ ಜೂನ್ ೨೧ರ ಸುಮಾರಿಗೆ, ನಡುಹಗಲಿನಲ್ಲಿ ಅಲ್ಲಿ ನೆಟ್ಟ ಕಂಬಕ್ಕೆ ನೆರಳೇ ಬೀಳುತ್ತಿರಲಿಲ್ಲ. ಆಳವಾದ ಬಾವಿಯ ತಳಕ್ಕೂ ಬಿಸಿಲು ನೇರವಾಗಿ ಇಳಿಯುತ್ತಿತ್ತು. ಅದೇ ದಿನ ಅದೇ ಹೊತ್ತಿನಲ್ಲಿ ಉತ್ತರದ ಅಲೆಕ್ಸಾಂಡ್ರಿಯದಲ್ಲಿ ಮಾತ್ರ ನೆರಳು ಬೀಳುತ್ತಿತ್ತು. ನೂರಾರು ಜನ ಕಂಡು ಸುಮ್ಮನಾಗಿದ್ದ ಈ ಸಂಗತಿಯಲ್ಲಿ ಎರಟೋಸ್ಥೆನೀಸನು ಭೂಮಿಯ ಅಳತೆಯ ಸೂತ್ರವನ್ನು ಕಂಡನು.

ಬಟ್ಟಲಿನ ಆಕಾರದ ನೆರಳುಗಡಿಯಾರದ ಮಧ್ಯದಲ್ಲಿ ನಿಲ್ಲಿಸಿದ ಕಡ್ಡಿಯ ನೆರಳನ್ನು ಅಲೆಕ್ಸಾಂಡ್ರಿಯದಲ್ಲಿ ಅಳೆದಾಗ, ಅದು ಪೂರ್ಣವೃತ್ತದ ಐವತ್ತನೆಯ ಒಂದು ಭಾಗವೆಂದು ತಿಳಿದುಬಂದಿತು. ಇಂದಿನ ಲೆಕ್ಕದಲ್ಲಿ ಇದು ೭ ಡಿಗ್ರಿ ೧೨ ಮಿನಿಟುಗಳ ಕೋನ. ಸೂರ್ಯನು ಬಹುದೂರದಲ್ಲಿರುವುದರಿಂದ ಅವನ ಕಿರಣಗಳು ಎರಡೂ ಊರುಗಳಿಗೆ ಸಮಾಂತರವಾಗಿಯೇ ಬರುತ್ತವೆ. ಸಮಾಂತರ ರೇಖೆಗಳನ್ನು ಮತ್ತೊಂದು ರೇಖೆಯು ಛೇದಿಸಿದಾಗ ಪರ್ಯಾಯ ಕೋನಗಳು ಸಮನಾಗಿರುತ್ತವೆ. ಆದುದರಿಂದ ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವಣ ಕೋನವೂ ಅಷ್ಟೇ ಇರಬೇಕು. ಊರುಗಳ ನಡುವಣ ದೂರವು ೫,೦೦೦ ಸ್ಟೇಡಿಯ ಎಂದು ಎಣಿಸಲಾಗಿತ್ತು. ಅದನ್ನು ಐವತ್ತರಿಂದ ಗುಣಿಸಿದಾಗ ಭೂಮಿಯ ಸುತ್ತಳತೆ ೨,೫೦,೦೦೦ ಸ್ಟೇಡಿಯ ಎಂದಾಯಿತು. ಮುಂದೆ ಈ ಸಂಖ್ಯೆಯನ್ನು ೨,೫೨,೦೦೦ಕ್ಕೆ ಏರಿಸಲಾಯಿತು.

ಸ್ಟೇಡಿಯದ ಅಳತೆ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಅದನ್ನು ೧೫೭.೫ ಮೀಟರ್ ಎಂದು ಹಿಡಿದರೆ ಎರಟೋಸ್ಥೆನೀಸನ ಸುತ್ತಳತೆ ೩೯,೬೯೦ ಕಿಲೋಮೀಟರ್ ಆಗುತ್ತದೆ; ೧೮೫ ಮೀಟರ್ ಎಂದು ಹಿಡಿದರೆ ೪೬,೬೨೦ ಕಿಲೋಮೀಟರ್. ಧ್ರುವಗಳ ಮೂಲಕ ಹಾಯುವ ನಿಜವಾದ ಸುತ್ತಳತೆ ಸುಮಾರು ೪೦,೦೦೮ ಕಿಲೋಮೀಟರ್. ಅವನ ಲೆಕ್ಕದಲ್ಲಿ ದೋಷಗಳಿಲ್ಲದಿರಲಿಲ್ಲ. ಸೈಯೀನ್ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ತುಸು ಉತ್ತರದಲ್ಲಿದೆ. ಅಲೆಕ್ಸಾಂಡ್ರಿಯವು ಅದರ ನೇರ ಉತ್ತರಕ್ಕಿರದೆ ಸುಮಾರು ಮೂರು ಡಿಗ್ರಿ ಪಶ್ಚಿಮಕ್ಕಿದೆ. ಆದರೆ ಅವನು ಹಿಡಿದ ಮಾರ್ಗದಲ್ಲಿ ದೋಷವಿರಲಿಲ್ಲ. ರೇಖಾಗಣಿತವನ್ನಷ್ಟೇ ಬಲ್ಲವನಿಗೆ ಸೈಯೀನಿನ ಬಿಸಿಲಿನ ಸುದ್ದಿ ಬೇಕಿರಲಿಲ್ಲ. ಊರುಗಳ ದೂರವನ್ನಷ್ಟೇ ಬಲ್ಲವನಿಗೆ ಕೋನಗಳ ಗೊಡವೆಯಿರಲಿಲ್ಲ. ಎಲ್ಲವನ್ನೂ ಕಲಿಯಬಯಸಿದವನಿಂದಲೇ ಇವೆಲ್ಲವೂ ಒಂದುಗೂಡಿದವು.

ಭೂಮಿಯನ್ನು ಅಳೆದವನು ಅದರ ಮೇಲೆ ವಾಸಿಸುವ ಜನರನ್ನೂ ಮರೆಯಲಿಲ್ಲ. ಮೂರು ಸಂಪುಟಗಳ ತನ್ನ ಭೂಗೋಳ ಗ್ರಂಥದಲ್ಲಿ ಅವನು ಅಂದು ತಿಳಿದಿದ್ದ ಪ್ರಪಂಚವನ್ನು ರೇಖೆಗಳಿಂದ ವಿಭಾಗಿಸಿ ವರ್ಣಿಸಿದನು. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಾಸ್ತನೀಸನ ಬರಹಗಳೂ ಅವನಿಗೆ ಆಧಾರವಾಗಿದ್ದವು. ಗ್ರೀಕರು ತಮ್ಮವರಲ್ಲದವರನ್ನೆಲ್ಲ ಅನಾಗರಿಕರೆಂದು ಕರೆಯುತ್ತಿದ್ದರು. ಎರಟೋಸ್ಥೆನೀಸನು ಈ ಭೇದವನ್ನು ಒಪ್ಪಲಿಲ್ಲ. ಮನುಷ್ಯರನ್ನು ಅವರ ಗುಣದೋಷಗಳಿಂದ ವಿಂಗಡಿಸಬೇಕೇ ಹೊರತು ಕುಲದಿಂದಲ್ಲವೆಂದೂ, ಗ್ರೀಕರಲ್ಲಿ ಕೆಟ್ಟವರಿರುವಂತೆ ಭಾರತೀಯರು, ರೋಮನರು, ಕಾರ್ತೇಜಿನವರು ಮೊದಲಾದ ಪರದೇಶದವರಲ್ಲಿ ಸುಸಂಸ್ಕೃತರಿದ್ದಾರೆಂದೂ ಅವನು ಪ್ರತಿಪಾದಿಸಿದನು. ವಿಶ್ವವನ್ನೇ ಗೆದ್ದೆವೆಂದು ಗ್ರೀಕರು ಬೀಗುತ್ತಿದ್ದ ಕಾಲದಲ್ಲಿ ಇಂತಹ ಮಾತನ್ನಾಡಲು ವಿದ್ಯೆಯೊಂದಿಗೆ ಧೈರ್ಯವೂ ಬೇಕಾಗಿತ್ತು.

ಮುಪ್ಪಿನಲ್ಲಿ ಎರಟೋಸ್ಥೆನೀಸನ ಕಣ್ಣುಗಳು ಕುರುಡಾದವು. ಸಾವಿರಾರು ಗ್ರಂಥಗಳ ನಡುವೆ ಬಾಳಿದವನು ಒಂದು ಸಾಲನ್ನೂ ಓದಲಾರದವನಾದನು. ಆ ದುಃಖವನ್ನು ತಾಳಲಾರದೆ ಅವನು ಅನ್ನವನ್ನು ತೊರೆದು ಪ್ರಾಣಬಿಟ್ಟನೆಂದು ಪ್ರಾಚೀನರು ಬರೆದಿದ್ದಾರೆ. ಕ್ರಿ.ಪೂ. ೧೯೪ರ ಸುಮಾರಿಗೆ ಅವನು ತೀರಿಕೊಂಡಾಗ ಅವನಿಗೆ ಎಂಬತ್ತು ವರ್ಷಗಳಾಗಿದ್ದವು.

ಅವನ ಭೂಗೋಳ ಗ್ರಂಥವಾಗಲಿ ಭೂಮಾಪನದ ಗ್ರಂಥವಾಗಲಿ ಪೂರ್ಣವಾಗಿ ಉಳಿದು ಬಂದಿಲ್ಲ. ಸ್ಟ್ರೇಬೋ, ಕ್ಲಿಯೋಮಿಡೀಸ್ ಮೊದಲಾದ ಲೇಖಕರು ತಮ್ಮ ಕೃತಿಗಳಲ್ಲಿ ಹೇಳಿರುವಷ್ಟೇ ಇಂದು ನಮಗೆ ದೊರೆತಿದೆ. ಅಲೆಕ್ಸಾಂಡ್ರಿಯದ ಆ ಗ್ರಂಥಾಲಯವೂ ಕಾಲಕ್ರಮದಲ್ಲಿ ಅಳಿದುಹೋಯಿತು. ಆದರೆ ನೆಟ್ಟ ಕಡ್ಡಿಗೆ ನೆರಳು ಬೀಳುವಲ್ಲೆಲ್ಲ ಅವನ ವಿಧಾನವನ್ನು ಪರೀಕ್ಷಿಸಿ ನೋಡಬಹುದು. ಇಂದಿಗೂ ಎಷ್ಟೋ ದೇಶಗಳ ವಿದ್ಯಾರ್ಥಿಗಳು ಹಾಗೆ ಮಾಡಿ ಭೂಮಿಯ ಸುತ್ತಳತೆಯನ್ನು ಕಂಡುಕೊಳ್ಳುತ್ತಾರೆ. ಸಮಕಾಲೀನರಿಂದ ಎರಡನೆಯವನೆನಿಸಿಕೊಂಡ ಎರಟೋಸ್ಥೆನೀಸನು ಭೂಮಿಯನ್ನು ಯುಕ್ತಿಯಿಂದ ಅಳೆದವರ ಸಾಲಿನಲ್ಲಿ ಇಂದು ಮೊದಲಿಗನಾಗಿ ನಿಂತಿದ್ದಾನೆ.